ಮೊದಲ ಹಾಳೆಯಲ್ಲಿ ಏನು ಬರೆದರು?

ಭಾನುವಾರ ರಾತ್ರಿ ಒಂಬತ್ತೂವರೆ. ಬೆಂಗಳೂರಿನ ಮಾಗಡಿ ರಸ್ತೆಯ ಆಚೀಚೆಗಿನ ಯಾವುದೋ ಒಂದು ಪೊಲೀಸ್ ಠಾಣೆ. ಹೊರಗೆ ಜಪ್ತಿಯಾದ ಬೈಕುಗಳು ದೂಳು ಹಿಡಿದು ನಿಂತಿವೆ. ಒಳಗೆ ಟ್ಯೂಬ್‌ಲೈಟಿನಡಿಯ ಬೆಂಚಿನ ಮೇಲೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಅಣ್ಣ, ಅವನ ಹೆಗಲ ಮೇಲೆ ನಿದ್ದೆ ಹೋದ ಮಗು. ಎದುರಿಗೆ ಅತ್ತೆ, ಜೊತೆಗೆ ಬೀದಿಯ ದೊಡ್ಡವರು ಇಬ್ಬರು. ಗಂಡನಿಗೆ ಫೋನು ಹೋಗಿದೆ. ‘ಬಂದೆ ಸಾರ್’ ಅಂದವನು ಇನ್ನೂ ಬಂದಿಲ್ಲ.

‘ಮದ್ವೆಯಾಗಿ ಎಷ್ಟು ವರ್ಷ ಆಯ್ತಮ್ಮಾ?’

‘ಆರು ಸಾರ್.’

‘ಕುಡೀತಾನಾ?’

‘ಹೂಂ ಸಾರ್.’

‘ಬರಲಿ, ಕರೆದು ಬುದ್ಧಿ ಹೇಳೋಣ. ಕೇಸು ಗೀಸು ಅಂತ ಮಾಡ್ಕೊಂಡ್ರೆ ನಾಳೆ ಕೋರ್ಟಿಗೆ ಅಲೆಯೋಳು ನೀನೇ. ಮಗು ಮುಖ ನೋಡು ಒಂದ್ಸಲ.’

ಹೀಗೆ ಹೇಳುವ ಹೆಡ್ ಕಾನ್‌ಸ್ಟೆಬಲ್ ಕೆಟ್ಟವರೇ ಆಗಿರಬೇಕಿಲ್ಲ. ಸಂಸಾರ ಉಳಿಸಿದೆ ಎಂಬ ಸಮಾಧಾನದಿಂದಲೇ ಅವರು ಮನೆಗೆ ಹೋಗಿ ಮಲಗಬಹುದು. ಆದರೆ ಮುಂದಿನ ಅರ್ಧ ಗಂಟೆಯಲ್ಲಿ ಮೇಜಿನ ಮೇಲೆ ನಡೆಯುವ ಬರವಣಿಗೆ ಆಕೆಯ ಮುಂದಿನ ಹತ್ತು ವರ್ಷವನ್ನು ತೀರ್ಮಾನಿಸುತ್ತದೆ. ಎಫ್‌ಐಆರ್ ಆಯಿತೇ, ಎನ್‌ಸಿಆರ್ ಆಯಿತೇ, ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರೇ, ಅಥವಾ ಏನನ್ನೂ ಬರೆಯದೆಯೇ ‘ಹೋಗ್ಬನ್ನಿ’ ಅಂದರೇ?

ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ಮಾತು ಬಂದಾಗಲೆಲ್ಲ ನಾವು ಶಿಕ್ಷೆಯ ಕಡೆ ನೋಡುತ್ತೇವೆ. ಗಲ್ಲು, ಜೀವಾವಧಿ, ಎನ್‌ಕೌಂಟರ್ ಇತ್ಯಾದಿ. ಶಿಕ್ಷೆ ದಾರಿಯ ಕೊನೆಗೆ ಬರುವಂಥದ್ದು. ಬಹುಪಾಲು ಹೆಂಗಸರು ಆ ದಾರಿಯ ಮೊದಲ ಮೇಜಿನ ಹತ್ತಿರವೇ ಜಾರಿಹೋಗುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹಿಂಸೆಯೇ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ಚರ್ಚೆ ಮುಗಿದಿಲ್ಲ. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಇದಕ್ಕಿಂತ ಕಸಿವಿಸಿ ಹುಟ್ಟಿಸುತ್ತದೆ: ದೇಶದಾದ್ಯಂತ ಹಿಂಸೆ ಅನುಭವಿಸಿದವರಲ್ಲಿ ಯಾರ ನೆರವನ್ನಾದರೂ ಕೇಳಿದವರು ಶೇ 14ರಷ್ಟು ಮಾತ್ರ. ಅವರೂ ಹೆಚ್ಚಾಗಿ ಹೋದದ್ದು ತವರಿಗೆ. ಠಾಣೆಯ ಮೆಟ್ಟಿಲು ಹತ್ತಿದವರು ಬೆರಳೆಣಿಕೆಯಷ್ಟು. ಎಂದಮೇಲೆ ಆ ಬೆಂಚಿನವರೆಗೆ ಬಂದು ಕೂತಿರುವ ಹೆಂಗಸು ಆಗಲೇ ಬಹಳ ದೂರ ನಡೆದು ಬಂದಿದ್ದಾಳೆ.

ಸ್ಟವ್ ಸಿಡಿಯುತ್ತಿದ್ದ ಕಾಲ

ಬರವಣಿಗೆಗೆ ಯಾಕಿಷ್ಟು ಮಹತ್ವ ಎಂಬುದನ್ನು ಬೆಂಗಳೂರಿಗೆ ಹೇಳಿಕೊಟ್ಟದ್ದು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡು.

ತೊಂಬತ್ತರ ದಶಕದ ಪತ್ರಿಕೆಗಳನ್ನು ಓದಿದವರಿಗೆ ಆ ನಾಲ್ಕು ಸಾಲಿನ ಸುದ್ದಿ ನೆನಪಿರಬಹುದು. ‘ಸ್ಟವ್ ಸಿಡಿದು ಗೃಹಿಣಿ ಸಾವು.’ ಒಳಪುಟದ ಮೂಲೆಯಲ್ಲಿ, ಹೆಚ್ಚುಕಡಿಮೆ ದಿನವೂ. ನಗರದ ಎಲ್ಲ ದಿಕ್ಕಿನಿಂದಲೂ, ಸುತ್ತಲಿನ ಊರುಗಳಿಂದಲೂ ಸುಟ್ಟ ಹೆಂಗಸರನ್ನು ಆಟೊದಲ್ಲಿ, ವ್ಯಾನಿನಲ್ಲಿ ಅಲ್ಲಿಗೇ ಹೊತ್ತು ತರುತ್ತಿದ್ದರು. ಮಂಚದ ಸುತ್ತ ಗಂಡನ ಮನೆಯವರು ನಿಂತಿರುವಾಗ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಿದ್ದರು. ಬದುಕಿದರೆ ಮತ್ತೆ ಅದೇ ಮನೆಗೆ ಹೋಗಬೇಕು, ಮಕ್ಕಳು ಅವರ ಕೈಯಲ್ಲಿವೆ. ಅಂಥ ಹೊತ್ತಿನಲ್ಲಿ ಆಕೆ ಏನು ಹೇಳಿಯಾಳು? ‘ಅಡುಗೆ ಮಾಡ್ತಿದ್ದೆ, ಸ್ಟವ್ ಸಿಡೀತು.’

1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾ ಎಂಬ ಮಹಿಳಾ ಹಕ್ಕುಗಳ ವೇದಿಕೆಯ ಕಾರ್ಯಕರ್ತೆಯರು ಆ ವಾರ್ಡಿಗೆ ಹೋಗಿ ಗಾಯಾಳುಗಳ ಪಕ್ಕ ಕೂತು ಮಾತಾಡಿಸತೊಡಗಿದರು. ಸತ್ತವರ ತವರಿಗೂ ಹೋದರು, ಪೊಲೀಸರ ದಾಖಲೆಗಳನ್ನೂ ಕೂಡಿಸಿದರು. ಹಾಗೆ ಸಿಕ್ಕ ಲೆಕ್ಕ ಹೀಗಿತ್ತು: 1997ರ ಒಂದೇ ವರ್ಷದಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರ ಅಸಹಜ ಸಾವು. ಇವುಗಳಲ್ಲಿ ಕೊಲೆ ಎಂದು ದಾಖಲಾದದ್ದು 157. ಆತ್ಮಹತ್ಯೆ ಎಂದು 546. ಅಪಘಾತ ಎಂದು 430.

ನಾನೂರ ಮೂವತ್ತು ಅಪಘಾತ! ಇವು ರಸ್ತೆ ಅಪಘಾತಗಳ ಹಾಗೆ ಕಣ್ಣೆದುರು ನಡೆದವಲ್ಲ. ಬಹಳಷ್ಟು ನಾಲ್ಕು ಗೋಡೆಯ ಒಳಗೆ, ಅಡುಗೆಮನೆಯಲ್ಲಿ ನಡೆದವು. ಸ್ಟವ್ ಸೊಸೆಯ ಸರದಿಯಲ್ಲೇ ಯಾಕೆ ಸಿಡಿಯುತ್ತದೆ, ಅತ್ತೆ ಅಡುಗೆಗೆ ನಿಂತಾಗ ಯಾಕೆ ಸಿಡಿಯುವುದಿಲ್ಲ ಎಂದು ಮಹಿಳಾ ಚಳವಳಿ ಕೇಳಿದ ಪ್ರಶ್ನೆಗೆ ಸ್ಟವ್ ಕಂಪನಿಗಳಲ್ಲೂ ಉತ್ತರ ಇರಲಿಲ್ಲ.

ಆ ಕಾಲಕ್ಕೆ ಕಾನೂನು ಇರಲಿಲ್ಲವೆಂದಲ್ಲ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಕರೆದ 498ಎ ಕಲಂ 1983ರಲ್ಲೇ ಬಂದಿತ್ತು. ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ ಸೇರಿತ್ತು. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತರೆ ಶವಪರೀಕ್ಷೆ ಆಗಲೇಬೇಕು, ತಹಶೀಲ್ದಾರರ ದರ್ಜೆಯ ದಂಡಾಧಿಕಾರಿ ಬಂದು ಪಂಚನಾಮೆ ಮಾಡಬೇಕು ಎಂಬ ನಿಯಮವೂ ಇತ್ತು. ಠಾಣೆಯಲ್ಲಿ ಇವತ್ತಿಗೂ ‘ಮದ್ವೆಯಾಗಿ ಎಷ್ಟು ವರ್ಷ’ ಎಂದು ಮೊದಲು ಕೇಳುವುದಕ್ಕೆ ಈ ಏಳು ವರ್ಷದ ಗೆರೆಯೂ ಒಂದು ಕಾರಣ. (ಎಂಟನೇ ವರ್ಷದಲ್ಲಿ ಸತ್ತವಳಿಗೆ ಈ ವಿಶೇಷ ನಿಯಮಗಳ ಆಸರೆ ಇಲ್ಲ. ಕಾನೂನಿಗೆ ಎಲ್ಲೋ ಒಂದು ಗೆರೆ ಎಳೆಯಬೇಕು, ಸರಿ. ಆದರೆ ಬಡಿಯುವವನಿಗೆ ಕ್ಯಾಲೆಂಡರಿನ ಹಂಗಿರುವುದಿಲ್ಲ.)

ಇಷ್ಟೆಲ್ಲ ಇದ್ದೂ ಅಷ್ಟು ಸಾವುಗಳು ತನಿಖೆಯ ಬಾಗಿಲು ದಾಟದೆ ಹೋದದ್ದು ಹೇಗೆಂದರೆ, ಮೊದಲ ಹಾಳೆಯ ಮೇಲೆ ‘ಯುಡಿಆರ್’ ಎಂದು ಬರೆದದ್ದರಿಂದ. ಅಸಹಜ ಸಾವಿನ ವರದಿಗೆ ಕರ್ನಾಟಕದ ಠಾಣೆಗಳಲ್ಲಿ ಇರುವ ಹೆಸರು ಅದು. ಯುಡಿಆರ್ ಆದರೆ ಆರೋಪಿ ಇಲ್ಲ. ಆರೋಪಿ ಇಲ್ಲದಿದ್ದರೆ ಬಂಧನವಿಲ್ಲ, ಮಹಜರಿನ ಅವಸರವಿಲ್ಲ. ತವರಿನವರು ತಿಥಿ ಮುಗಿಸಿ ಮತ್ತೆ ಠಾಣೆಗೆ ಬರುವ ಹೊತ್ತಿಗೆ ಅಡುಗೆಮನೆ ತೊಳೆದು ಸುಣ್ಣ ಬಳಿದಾಗಿರುತ್ತಿತ್ತು.

ವಿಮೋಚನಾದ ಲೆಕ್ಕ ಸುದ್ದಿಯಾಯಿತು, ವಿಧಾನಮಂಡಲದಲ್ಲೂ ಚರ್ಚೆಯಾಯಿತು, ಜಂಟಿ ಸದನ ಸಮಿತಿಯೊಂದು ವಿಷಯವನ್ನು ಕೈಗೆತ್ತಿಕೊಂಡಿತು. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿ ವನಿತಾ ಸಹಾಯವಾಣಿ 1999ರಲ್ಲಿ ಶುರುವಾಯಿತು. 1091ಕ್ಕೆ ಫೋನು ಮಾಡಿದರೆ ಖಾಕಿಯಿಲ್ಲದ ಆಪ್ತಸಮಾಲೋಚಕಿಯೊಬ್ಬರು ಮಾತಾಡುತ್ತಾರೆ ಎಂಬುದು ಅವತ್ತಿಗೆ ಸಣ್ಣ ಸಂಗತಿಯಲ್ಲ.

ಎನ್‌ಸಿಆರ್ ಎಂಬ ಸುಲಭದ ದಾರಿ

ಈಗ ಮತ್ತೆ ಠಾಣೆಯ ಮೇಜಿಗೆ ಬರೋಣ. ಇಲ್ಲಿ ನಡೆಯುವುದನ್ನು ಬಹಳ ಮಂದಿ ಅರ್ಧಂಬರ್ಧ ಬಲ್ಲರು.

ಅಪರಾಧಗಳಲ್ಲಿ ಎರಡು ಬಗೆ. ದೂರು ಬಂದೊಡನೆ ಎಫ್‌ಐಆರ್ ದಾಖಲಿಸಿ ಪೊಲೀಸರು ತಾವೇ ತನಿಖೆಗೆ ಇಳಿಯಬಹುದಾದದ್ದು ಒಂದು. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ, ಗಂಭೀರವಲ್ಲದ್ದು ಇನ್ನೊಂದು. ಎರಡನೆಯದಕ್ಕೆ ಕೊಡುವ ಚೀಟಿಯೇ ಎನ್‌ಸಿಆರ್. ಅದಕ್ಕೊಂದು ನಂಬರು ಇರುತ್ತದೆ, ಸೀಲು ಇರುತ್ತದೆ. ‘ಕಂಪ್ಲೇಂಟ್ ಆಯ್ತು’ ಎಂದುಕೊಂಡು ಹೆಂಗಸು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾಳೆ. ಅದರ ಮೇಲೆ ತನಿಖೆ ನಡೆಯುವುದಿಲ್ಲ ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ.

ಒಂದೇ ಏಟು ಈ ಎರಡರಲ್ಲಿ ಯಾವುದಾದರೂ ಆಗಬಹುದು ಎಂಬುದೇ ಇಲ್ಲಿನ ಕೀಲಿ. ಗಂಡ ಕೆನ್ನೆಗೆ ಹೊಡೆದದ್ದನ್ನು ಬರೀ ‘ಸಾದಾ ಗಾಯ’ ಎಂದು ಬರೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಮಿನ ಅಸಂಜ್ಞೇಯ ಅಪರಾಧ, ಎನ್‌ಸಿಆರ್ ಸಾಕು. ಅದೇ ಏಟನ್ನು, ಹಿಂದಿನ ಆರು ವರ್ಷದ ಏಟುಗಳ ಜೊತೆ ಸೇರಿಸಿ, ಹಣ ತಾ ಎಂದು ಪೀಡಿಸಿದ್ದನ್ನೂ ಸಾಯಿಸುತ್ತೇನೆಂದು ಹೆದರಿಸಿದ್ದನ್ನೂ ಬರೆದುಕೊಂಡರೆ ಅದು 85ನೇ ಕಲಮಿನ ಕ್ರೌರ್ಯ. ಹಳೆಯ 498ಎ ಎಂದರೆ ಇದೇ. ಮೂರು ವರ್ಷದವರೆಗೆ ಜೈಲು, ಜಾಮೀನು ಹಕ್ಕಾಗಿ ಸಿಗದು, ಎಫ್‌ಐಆರ್ ಕಡ್ಡಾಯ. ಎರಡರ ನಡುವಿನ ವ್ಯತ್ಯಾಸ ಏಟಿನ ತೂಕದಲ್ಲಿಲ್ಲ. ಎದುರಿಗೆ ಕೂತವರು ‘ಇದಕ್ಕೆ ಮುಂಚೆ ಯಾವತ್ತಾದರೂ ಹೊಡೆದಿದ್ದನಾ?’ ಎಂಬ ಇನ್ನೊಂದು ಪ್ರಶ್ನೆ ಕೇಳಿದರೋ ಇಲ್ಲವೋ ಎಂಬುದರಲ್ಲಿದೆ.

ಮುಚ್ಚಳಿಕೆಯದು ಇನ್ನೂ ಸೋಜಿಗ. ‘ಇನ್ನು ಮುಂದೆ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಕುಡಿಯುವುದಿಲ್ಲ’ ಎಂದು ಬಿಳಿ ಹಾಳೆಯ ಮೇಲೆ ಗಂಡನ ಕೈಲಿ ಬರೆಸಿ, ಇಬ್ಬರ ಸಹಿ ಹಾಕಿಸಿ, ದೊಡ್ಡವರನ್ನು ಸಾಕ್ಷಿಗೆ ನಿಲ್ಲಿಸುತ್ತಾರೆ. ಹೆಂಡತಿಯೂ ‘ನನಗೆ ಕಾನೂನು ಕ್ರಮ ಬೇಡ’ ಎಂದು ಬರೆದುಕೊಡಬೇಕು. ಮಾತು ತಪ್ಪಿದರೆ ಆ ಹಾಳೆಯಿಂದಲೇ ಅವನಿಗೆ ಶಿಕ್ಷೆಯಾಗುವುದಿಲ್ಲ. ಮುಂದೆ ಆಕೆ ಕೋರ್ಟಿಗೆ ಹೋದರೆ ಮಾತ್ರ ಎದುರು ವಕೀಲರು ಅದನ್ನೇ ಹಿರಿದು ತೋರಿಸುತ್ತಾರೆ: ನೋಡಿ ಸ್ವಾಮಿ, ಅವತ್ತು ರಾಜಿಯಾಗಿತ್ತು.

ರಾಜಿಯೇ ತಪ್ಪೆಂದು ನಾನು ಹೇಳಲಾರೆ. ಠಾಣೆಗೆ ಬರುವ ಬಹುತೇಕ ಹೆಂಗಸರು ಗಂಡ ಜೈಲಿಗೆ ಹೋಗಲಿ ಎಂದು ಬರುವುದಿಲ್ಲ. ಹೊಡೆಯುವುದನ್ನು ನಿಲ್ಲಿಸಿದರೆ ಸಾಕೆಂದು ಬರುತ್ತಾರೆ. ಬಾಡಿಗೆ, ಶಾಲೆಯ ಫೀಸು, ಚೀಟಿ ದುಡ್ಡು ಎಲ್ಲವೂ ಅವನ ಸಂಬಳಕ್ಕೆ ಗಂಟು ಬಿದ್ದಿರುತ್ತವೆ. ಆಪ್ತಸಮಾಲೋಚನೆ ಅವರಿಗೆ ನಿಜಕ್ಕೂ ಬೇಕು. ಆದರೆ ಸಮಾಲೋಚನೆಗೂ ಕಾನೂನಿನಲ್ಲಿ ಒಂದು ಶಿಸ್ತು ಇದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳ ಪ್ರಕಾರ, ‘ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ’ ಎಂಬ ಸಮರ್ಥನೆಗೆ ಆಪ್ತಸಮಾಲೋಚಕರ ಮುಂದೆ ಜಾಗವೇ ಇಲ್ಲ. ಠಾಣೆಯ ಪಂಚಾಯಿತಿ ಶುರುವಾಗುವುದೇ ‘ನೀನ್ಯಾಕಮ್ಮಾ ಎದುರು ಮಾತಾಡಿದೆ’ ಎಂಬಲ್ಲಿಂದ.

ಬಾತ್‌ರೂಮಿನಲ್ಲಿ ಜಾರಿಬಿದ್ದವರು

ಆಸ್ಪತ್ರೆಯ ಮೇಜಿನ ಬಗ್ಗೆ ಚಿಕ್ಕದಾಗಿ ಹೇಳಬಹುದು. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೋ ರಾಜಾಜಿನಗರದ ಇಎಸ್‌ಐಗೋ ಹೋಗಿ ‘ಗಂಡ ಹೊಡೆದ’ ಎಂದರೆ ವೈದ್ಯರು ಮೆಡಿಕೊ–ಲೀಗಲ್ ಕೇಸ್, ಅಂದರೆ ಎಂಎಲ್‌ಸಿ ಮಾಡಬೇಕು. ಗಾಯ ಎಲ್ಲಿ, ಎಷ್ಟುದ್ದ, ಯಾರು ಮಾಡಿದ್ದೆಂದು ಆಕೆ ಹೇಳಿದಳು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಮುಂದೆ ವೂಂಡ್ ಸರ್ಟಿಫಿಕೇಟ್ ಹುಟ್ಟುವುದು ಇದರಿಂದಲೇ. ಎಂಎಲ್‌ಸಿ ಆದರೆ ಪೊಲೀಸರು, ಪೊಲೀಸರು ಬಂದರೆ ಕೋರ್ಟಿನ ಸಮನ್ಸು. ಈ ಉಸಾಬರಿ ಬೇಡವೆಂದು ಬಡಾವಣೆಯ ಸಣ್ಣ ನರ್ಸಿಂಗ್ ಹೋಮುಗಳು ಹೊಲಿಗೆ ಹಾಕಿ ಕಳಿಸಿಬಿಡುವುದುಂಟು. ಚೀಟಿಯಲ್ಲಿ ‘ಜಾರಿಬಿದ್ದದ್ದು’ ಎಂದಿರುತ್ತದೆ. ಎರಡು ವರ್ಷದ ಮೇಲೆ ಅದೇ ಚೀಟಿ ಗಂಡನ ಕಡೆಯ ಸಾಕ್ಷ್ಯ.

ಅತ್ಯಾಚಾರ, ಆ್ಯಸಿಡ್ ದಾಳಿಗಳ ವಿಷಯದಲ್ಲಿ ಕಾನೂನು ಇಷ್ಟು ಸಡಿಲ ಬಿಟ್ಟಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸಬೇಕು. 2013ರಿಂದ ಈ ನಿಯಮ ಇದೆ.

ಮಾವನ ಮನೆ, ಸಿಡಿಪಿಒ, ಟ್ರಾಫಿಕ್ ಕೋರ್ಟು

ಕೇಸು ಬೇಡ, ರಕ್ಷಣೆ ಬೇಕು ಎನ್ನುವ ಹೆಂಗಸಿಗಾಗಿಯೇ ಮಾಡಿದ್ದು 2005ರ ಈ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರಡಿ ಮ್ಯಾಜಿಸ್ಟ್ರೇಟರು ಹೊಡೆಯಕೂಡದೆಂದು ಆದೇಶ ಕೊಡಬಹುದು, ಮನೆಯಿಂದ ಹೊರಹಾಕದಂತೆ ತಡೆಯಬಹುದು, ಖರ್ಚಿಗೆ ಹಣ ಕೊಡಿಸಬಹುದು, ಮಗುವನ್ನು ತಾಯಿಯ ಬಳಿ ಬಿಡಿಸಬಹುದು. ರಕ್ಷಣೆಯ ಆದೇಶ ಮುರಿದರೆ ಮಾತ್ರ ಜೈಲು, ಒಂದು ವರ್ಷದವರೆಗೆ.

ಬೆಂಗಳೂರಿನ ಪಶ್ಚಿಮ ಭಾಗದ ಸಂಸಾರಗಳಿಗೆ ಇದರಲ್ಲಿ ಬಹಳ ಬೇಕಾದದ್ದು ಮನೆಯ ಹಕ್ಕು. ಬಸವೇಶ್ವರನಗರದ, ವಿಜಯನಗರದ ಮೂವತ್ತು–ನಲವತ್ತರ ಸೈಟಿನ ಮನೆಗಳು ಸಾಮಾನ್ಯವಾಗಿ ಮಾವನ ಹೆಸರಿನಲ್ಲಿರುತ್ತವೆ. ಕೆಳಗೆ ಅತ್ತೆ ಮಾವ, ಮೇಲೆ ಮಗ ಸೊಸೆ, ಅದರ ಮೇಲೊಂದು ಬಾಡಿಗೆ ಮನೆ. ‘ಇದು ನನ್ನ ಸ್ವಂತ ದುಡಿಮೆಯ ಮನೆ, ಇವಳಿಗೇನು ಹಕ್ಕು’ ಎಂದು ಮಾವ ಎದ್ದರೆ 2006ರ ಸುಪ್ರೀಂ ಕೋರ್ಟ್ ತೀರ್ಪೊಂದು ಅವರ ಕಡೆಗಿತ್ತು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ಕೋರ್ಟು ಆ ನಿಲುವನ್ನು ಬದಲಿಸಿತು. ಮನೆ ಯಾರ ಹೆಸರಿನಲ್ಲಿದ್ದರೂ, ಸಂಸಾರವಾಗಿ ಬಾಳಿದ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿದೆ. ಅದು ಒಡೆತನದ ಹಕ್ಕಲ್ಲ, ಶಾಶ್ವತವೂ ಅಲ್ಲ. ಆದರೆ ರಾತ್ರೋರಾತ್ರಿ ಬಟ್ಟೆಗಂಟು ಎಸೆದು ಬಾಗಿಲು ಹಾಕಿಕೊಳ್ಳುವಂತಿಲ್ಲ.

ಹಕ್ಕು ಕೈಗೆ ಬರಬೇಕಾದರೆ ರಕ್ಷಣಾಧಿಕಾರಿಯ ಹತ್ತಿರ ಹೋಗುವುದು ನೇರ ದಾರಿ. ಕರ್ನಾಟಕದಲ್ಲಿ ಈ ಹೊಣೆ ಹೊತ್ತವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒಗಳು, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಅವರ ಅಸಲಿ ಕೆಲಸ ಅಂಗನವಾಡಿ. ಮೊಟ್ಟೆ ಬಂತೇ, ಹಾಲಿನ ಪುಡಿ ಬಂತೇ, ಮಕ್ಕಳ ತೂಕ ಸರಿಯಿದೆಯೇ, ಕಾರ್ಯಕರ್ತೆಯರ ಸಭೆ, ಚುನಾವಣೆ ಬಂದರೆ ಆ ಡ್ಯೂಟಿ. ಇದರ ನಡುವೆ ಹೆಂಗಸಿನ ಕಥೆ ಕೇಳಿ ಕೌಟುಂಬಿಕ ಘಟನಾ ವರದಿ ಬರೆದು, ಕೋರ್ಟಿಗೆ ಕಳಿಸಿ, ನೋಟಿಸು ಮುಟ್ಟಿಸಬೇಕು. ಅವರನ್ನು ಬೈಯುವುದು ಸುಲಭ. ಆದರೆ ಎರಡು ಹುದ್ದೆಯ ಕೆಲಸವನ್ನು ಒಂದು ಕುರ್ಚಿಗೆ ಹೊರಿಸಿ ಇಪ್ಪತ್ತು ವರ್ಷ ಸುಮ್ಮನಿದ್ದ ಸರ್ಕಾರಗಳನ್ನು ಮೊದಲು ಬೈಯಬೇಕು. ಬೇರೆ ರಾಜ್ಯಗಳ ಸ್ಥಿತಿಯೂ ಎಷ್ಟು ಸಪ್ಪೆ ಎಂದರೆ, 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ರಕ್ಷಣಾಧಿಕಾರಿಗಳನ್ನು ನೇಮಿಸದಿರುವ ಕಡೆ ಆರು ವಾರದಲ್ಲಿ ನೇಮಿಸಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು.

ಕೋರ್ಟಿನ ಕಥೆಯಲ್ಲೊಂದು ತಮಾಷೆ ಇದೆ, ನಗಲಾಗದ ತಮಾಷೆ. ಬೆಂಗಳೂರಿನಲ್ಲಿ ಕೌಟುಂಬಿಕ ದೌರ್ಜನ್ಯದ ಅರ್ಜಿಗಳು ಬಂದು ಬೀಳುವುದು ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಟ್ರಾಫಿಕ್ ಕೋರ್ಟುಗಳಿಗೆ. ಸಿಗ್ನಲ್ ದಾಟಿದ್ದಕ್ಕೆ ದಂಡ ಹಾಕುವ ಹೆಸರು ಹೊತ್ತ ಕೋರ್ಟಿನಲ್ಲಿ ಮುರಿದ ಮೂಗಿನ ವಿಚಾರಣೆ. ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥಕ್ಕೆ ಅರವತ್ತು ದಿನದ ಗುರಿ. ಈ ಕೋರ್ಟುಗಳ ಕಾರಿಡಾರಿನಲ್ಲಿ ನಿಂತ ಯಾರನ್ನಾದರೂ ಕೇಳಿ, ಅರವತ್ತು ದಿನವೆಂದರೆ ನಕ್ಕಾರು. ವಿಚ್ಛೇದನ, ಜೀವನಾಂಶದ ಕೇಸು ಬೇರೆಯಿದ್ದರೆ ಅದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯದಲ್ಲಿ. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ದುಡಿಯುವ ಕೆಂಗೇರಿಯ ಹೆಣ್ಣುಮಗಳಿಗೆ ಪ್ರತಿ ವಾಯಿದೆಯೂ ಒಂದು ದಿನದ ಕೂಲಿ. ಕೇಸು ಕೈಬಿಡುವ ಎಷ್ಟೋ ಹೆಂಗಸರು ಗಂಡನಿಗೆ ಹೆದರಿ ಬಿಡುವುದಿಲ್ಲ, ಹಾಜರಿ ಪುಸ್ತಕಕ್ಕೆ ಹೆದರಿ ಬಿಡುತ್ತಾರೆ.

ಯಂತ್ರ ಓಡುವುದು ಯಾವಾಗ

ಹಾಗಂತ ವ್ಯವಸ್ಥೆಗೆ ಓಡಲು ಬರುವುದೇ ಇಲ್ಲವೆಂದಲ್ಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ, ಪಕ್ಕದ ಕಾನೂನು ಶಾಲೆಯ ವಿದ್ಯಾರ್ಥಿನಿಯ ಮೇಲೆ ಗುಂಪು ಅತ್ಯಾಚಾರ ನಡೆಯಿತು. ಸಾವಿರ ಎಕರೆಗೂ ಮೀರಿದ, ನಡುವೆ ಸಾರ್ವಜನಿಕ ರಸ್ತೆ ಹಾದುಹೋಗುವ, ದೀಪ ಕಡಿಮೆಯಿದ್ದ ಆವರಣ ಅದು. ಪೊಲೀಸರು ಆರೋಪಿಗಳನ್ನು ಹಿಡಿದರು. ವರ್ಷ ತುಂಬುವುದರೊಳಗೆ ತ್ವರಿತ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. 2020ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹತ್ತು ವರ್ಷದ ನಂತರ, 2022ರ ಏಪ್ರಿಲ್ 28ರಂದು ಸುಂಕದಕಟ್ಟೆಯಲ್ಲಿ ಕೆಲಸಕ್ಕೆ ಹೊರಟ ಯುವತಿಯ ಮೇಲೆ, ಬಹುಕಾಲದಿಂದ ಹಿಂದೆ ಬಿದ್ದಿದ್ದವನೊಬ್ಬ ಆ್ಯಸಿಡ್ ಎರಚಿದ. ಕಾಮಾಕ್ಷಿಪಾಳ್ಯ ಪೊಲೀಸರು ಎರಡು ವಾರ ಹುಡುಕಿ, ತಿರುವಣ್ಣಾಮಲೈನ ಆಶ್ರಮವೊಂದರಲ್ಲಿ ಕಾವಿ ಉಟ್ಟು ಕೂತಿದ್ದವನನ್ನು ಹಿಡಿದು ತಂದರು. 2025ರ ಆಗಸ್ಟಿನಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ವಿಧಿಸಿತು. ಬಂಧನದಿಂದ ತೀರ್ಪಿಗೆ ಹಿಡಿದದ್ದು ಹದಿನಾಲ್ಕು ತಿಂಗಳು. ವಿಶೇಷ ತನಿಖಾ ತಂಡ, ವಿಶೇಷ ನ್ಯಾಯಾಲಯ, ಇಡೀ ದೇಶದ ಕಣ್ಣು ಇದ್ದ ಪ್ರಕರಣ ಅದು.

ಮೂರರಲ್ಲೂ ಎಫ್‌ಐಆರ್ ಬರೆ‌ಯದೆ ವಿಧಿಯಿರಲಿಲ್ಲ, ಕೈಬಿಡುವಂತೆಯೂ ಇರಲಿಲ್ಲ. ಆದರೆ ಹಿಂದೆ ಬೀಳುವುದು ಆ್ಯಸಿಡ್ಡಿಗಿಂತ ಮುಂಚಿನ ಕಥೆ. 2013ರಿಂದ ಅದೂ ಒಂದು ಅಪರಾಧ. ‘ಪ್ರೀತಿ ಪ್ರೇಮ ಅಂತ ತಲೆ ಕೆಡಿಸ್ಕೊಂಡಿದಾನೆ, ಹುಡುಗರ ಬುದ್ಧಿ’ ಎಂದು ಮನೆ, ಆಫೀಸು, ಠಾಣೆ ಎಲ್ಲರೂ ಅದನ್ನು ಸಣ್ಣದು ಮಾಡುತ್ತಾರೆ. ಆ ಹಂತದಲ್ಲಿ ಬರೆಯುವ ಒಂದು ಹಾಳೆಗೆ ಸುದ್ದಿವಾಹಿನಿ ಬರುವುದಿಲ್ಲ.

ಬೀಗ ಹಾಕುವುದು ಯಾರಿಗೆ

ದೊಡ್ಡ ಪ್ರಕರಣ ನಡೆದಾಗ ಸಂಸ್ಥೆಗಳು ಮಾಡುವ ಇನ್ನೊಂದು ಕೆಲಸ ಹೆಣ್ಣುಮಕ್ಕಳನ್ನು ಒಳಗೆ ಕೂಡುವುದು. 2021ರ ಆಗಸ್ಟಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಗುಂಪು ಅತ್ಯಾಚಾರದ ನಂತರ ಮೈಸೂರು ವಿಶ್ವವಿದ್ಯಾಲಯ, ವಿದ್ಯಾರ್ಥಿನಿಯರು ಸಂಜೆ ಆರೂವರೆಯ ಮೇಲೆ ಆವರಣದಲ್ಲಿ ಒಂಟಿಯಾಗಿ ಓಡಾಡಬಾರದೆಂದು ಸುತ್ತೋಲೆ ಹೊರಡಿಸಿತು. ಹುಡುಗರಿಗೆ ಅಂಥ ಸುತ್ತೋಲೆ ಇರಲಿಲ್ಲ. ಗದ್ದಲವಾದ ಮೇಲೆ ಅದನ್ನು ಹಿಂದಕ್ಕೆ ಪಡೆದರು.

ಮಾತಿನ ವಿಷಯದಲ್ಲಿ ದೊಡ್ಡವರೂ ಹಿಂದೆ ಬಿದ್ದಿಲ್ಲ. 2020ರ ಜೂನಿನಲ್ಲಿ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಅತ್ಯಾಚಾರದ ನಂತರ ನಿದ್ದೆ ಹೋದೆನೆಂಬುದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಮಾತು ಬಂತು. ಕೆಲವೇ ದಿನಗಳಲ್ಲಿ ಅದನ್ನು ಅಳಿಸಿದರು. 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಹಿರಿಯ ಶಾಸಕ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನು ಹಾಸ್ಯಕ್ಕೆ ಬಳಸಿದರು, ಸದನದಲ್ಲಿ ನಗು ಎದ್ದಿತು. ಮರುದಿನ ಕ್ಷಮೆ ಬಂತು. 2025ರ ಏಪ್ರಿಲಿನಲ್ಲಿ ಬೀದಿಯ ಕಿರುಕುಳದ ಪ್ರಕರಣವೊಂದರ ಬಗ್ಗೆ ಕೇಳಿದಾಗ, ದೊಡ್ಡ ನಗರದಲ್ಲಿ ಅಲ್ಲೊಂದು ಇಲ್ಲೊಂದು ಇಂಥವು ನಡೆಯುತ್ತವೆ ಎಂದರು ಗೃಹ ಸಚಿವ ಜಿ. ಪರಮೇಶ್ವರ. ವಿಷಾದವೂ ಬಂತು. ವಿಷಾದ ಸುದ್ದಿಗೋಷ್ಠಿಯಲ್ಲಿ ಮುಗಿಯುತ್ತದೆ. ಮೊದಲ ಮಾತು ಮಾತ್ರ ಠಾಣೆಯ ಮೇಜಿನವರೆಗೂ ಇಳಿದು ಬರುತ್ತದೆ.

ಇದೇ ಹೈಕೋರ್ಟಿನಿಂದ ಬೇರೆ ದನಿಯೂ ಬಂದಿದೆಯೆನ್ನಬೇಕು. 2022ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪವನ್ನು ಗಂಡನೆಂಬ ಕಾರಣಕ್ಕೆ ರದ್ದು ಮಾಡಲು ಒಪ್ಪಲಿಲ್ಲ. ಆ ಪ್ರಕರಣದ ವಿಚಾರಣೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೊಸ ನ್ಯಾಯ ಸಂಹಿತೆಯಲ್ಲೂ ಗಂಡನಿಗಿರುವ ಆ ವಿನಾಯಿತಿ ಉಳಿದುಕೊಂಡಿದೆ.

ಹಣ ಎಲ್ಲಿ ಸುರಿಯುತ್ತದೆ ಎಂಬುದನ್ನೂ ಗಮನಿಸಬೇಕು. ನಿರ್ಭಯಾ ನಿಧಿಯ ಬೆಂಗಳೂರು ಸೇಫ್ ಸಿಟಿ ಯೋಜನೆಗೆ 667 ಕೋಟಿ ರೂಪಾಯಿ. ಅದರಲ್ಲಿ ಸಾವಿರಾರು ಕ್ಯಾಮೆರಾ, ಕಮಾಂಡ್ ಸೆಂಟರ್ ಬಂದವು. ಅದಕ್ಕೂ ಮುಂಚೆ, 2017ರಲ್ಲಿ 51 ಪಿಂಕ್ ಹೊಯ್ಸಳ ವಾಹನಗಳು ಬಂದಿದ್ದವು. ಬೀದಿಯ ಹೆಣ್ಣಿಗೆ ಇವು ಬೇಕು, ಬೇಡವೆನ್ನುವುದಿಲ್ಲ. ಆದರೆ ಶೇ 44ರ ಹಿಂಸೆ ನಡೆಯುವುದು ಕ್ಯಾಮೆರಾ ಕಾಣದ ಕಡೆ. ಅಲ್ಲಿಗೆ ಸರ್ಕಾರ ಕಳಿಸಿದ್ದು ಹೆಚ್ಚುವರಿ ಹೊಣೆಯ ಸಿಡಿಪಿಒ ಒಬ್ಬರನ್ನು.

ಸುಳ್ಳು ಕೇಸಿನ ಮಾತು

‘ಎಲ್ಲಾ ಸುಳ್ಳು ಕೇಸು’ ಎಂಬ ಮಾತು ಈಗ ಟೀ ಅಂಗಡಿಯಿಂದ ಕೋರ್ಟಿನವರೆಗೂ ಇದೆ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಟೆಕಿಯೊಬ್ಬರು ಹೆಂಡತಿಯ ಕಡೆಯವರ ಮೇಲೆ ಆರೋಪ ಹೊರಿಸಿ, ವಿಡಿಯೊ ಮಾಡಿಟ್ಟು ಆತ್ಮಹತ್ಯೆ ಮಾಡಿಕೊಂಡ ಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು. ದುರುಪಯೋಗ ಇಲ್ಲವೆಂದು ವಾದಿಸುವುದು ಸುಳ್ಳಾದೀತು. ಊರಲ್ಲಿಲ್ಲದ ನಾದಿನಿಯನ್ನೂ ಹಾಸಿಗೆ ಹಿಡಿದ ಅಜ್ಜಿಯನ್ನೂ ಆರೋಪಿ ಮಾಡುವ ದೂರುಗಳಿವೆ. ಅವನ್ನು ಬರೆದುಕೊಡುವ ವಕೀಲರೂ ಇದ್ದಾರೆ.

ಅದಕ್ಕೆ ಕಡಿವಾಣವೂ ಬಿದ್ದಾಗಿದೆ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ 498ಎ ಕೇಸಿನಲ್ಲಿ ಪೊಲೀಸರು ಸೀದಾ ಬಂಧಿಸುವಂತಿಲ್ಲ, ನೋಟಿಸು ಕೊಟ್ಟು ಕರೆಸಬೇಕು, ಬಂಧಿಸಿದರೆ ಕಾರಣ ಬರೆಯಬೇಕು. ಅದಕ್ಕೂ ಮುಂಚಿನ ಲಲಿತಾ ಕುಮಾರಿ ತೀರ್ಪು ಕೌಟುಂಬಿಕ ದೂರುಗಳಲ್ಲಿ ಎಫ್‌ಐಆರ್‌ಗೆ ಮೊದಲು ಕಾಲಮಿತಿಯ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಎಂದಮೇಲೆ ಸುಳ್ಳನ್ನು ಸೋಸುವುದಕ್ಕೂ ಬೇಕಾದದ್ದು ಅದೇ: ಮೊದಲ ದಿನವೇ ಸರಿಯಾಗಿ ಬರೆದುಕೊಂಡ ಹೇಳಿಕೆ, ನೆರೆಯವರ ಮಾತು, ಗಾಯದ ವಿವರ. ನಿರಪರಾಧಿ ಗಂಡನನ್ನೂ ಕಾಯುವುದು ಆ ಹಾಳೆಯೇ. ಮುಚ್ಚಳಿಕೆ ಇಬ್ಬರನ್ನೂ ಕಾಯುವುದಿಲ್ಲ.

ಠಾಣೆಗಳು ಬರೆಯಲು ಹಿಂಜರಿಯುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ದಾಖಲಾದ ಪ್ರಕರಣ ಹೆಚ್ಚಿದ್ದರೆ ಇನ್‌ಸ್ಪೆಕ್ಟರ್ ಉತ್ತರ ಕೊಡಬೇಕು. ಎನ್‌ಸಿಆರ್ ಎಷ್ಟಾದರೂ ಅಷ್ಟು ಕೇಳುವವರಿಲ್ಲ. ದೂರುಗಳನ್ನು ಪ್ರಾಮಾಣಿಕವಾಗಿ ಬರೆದುಕೊಂಡ ಠಾಣೆಯೇ ವರ್ಷದ ಕೊನೆಗೆ ‘ಮಹಿಳೆಯರಿಗೆ ಅಸುರಕ್ಷಿತ’ ಎಂದು ಪತ್ರಿಕೆಗಳ ತಲೆಬರಹದಲ್ಲಿ ಕಾಣುತ್ತದೆ.

ಕೇಳಿ ಪಡೆಯಬೇಕಾದ್ದು

ಬೆಂಚಿನ ಮೇಲೆ ಕೂತವರಿಗೆ, ಅವರ ಜೊತೆ ಹೋಗುವ ಅಣ್ಣ, ಅಕ್ಕ, ಗೆಳತಿಯರಿಗೆ ಕೆಲವು ಮಾತು ಗೊತ್ತಿದ್ದರೆ ಒಳ್ಳೆಯದು.

ದೂರನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಇವತ್ತಿನ ಏಟಷ್ಟೇ ಅಲ್ಲ, ಹಿಂದಿನದೂ ತಾರೀಕು ನೆನಪಿದ್ದ ಮಟ್ಟಿಗೆ ಬರಲಿ. ಘಟನೆ ನಡೆದದ್ದು ನಮ್ಮ ಸರಹದ್ದಿನಲ್ಲಲ್ಲ ಎಂದು ಠಾಣೆ ಹೇಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲೂ ಬರೆದುಕೊಳ್ಳಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ಎನ್‌ಸಿಆರ್ ಕೊಟ್ಟರೆ ‘ಇದನ್ನು ಯಾವ ಕಲಂ ಅಡಿ ಬರೆದಿರಿ ಸಾರ್’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬರೆದುಕೊಳ್ಳಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಲೈಂಗಿಕ ಅಪರಾಧಗಳ ದೂರು ಬರೆದುಕೊಳ್ಳಲು ನಿರಾಕರಿಸುವ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ.

ಆಸ್ಪತ್ರೆಯಲ್ಲಿ ‘ಬಿದ್ದೆ’ ಎನ್ನಬೇಡಿ. ತಕ್ಷಣದ ನೆರವಿಗೆ 112, ಹಿಂಸೆಗೊಳಗಾದ ಹೆಂಗಸರಿಗಾಗಿ ಇರುವ ಸಖಿ ಕೇಂದ್ರಕ್ಕೆ 181. ರಾಜ್ಯ ಮಹಿಳಾ ಆಯೋಗ ಕಾವೇರಿ ಭವನದಲ್ಲಿದೆ. ಅದು ಪೊಲೀಸರಿಂದ ವರದಿ ಕೇಳಬಲ್ಲದು, ಶಿಫಾರಸು ಮಾಡಬಲ್ಲದು, ಶಿಕ್ಷೆ ಕೊಡಲಾರದು. ಆದರೂ ಆಯೋಗದ ಪತ್ರವೊಂದು ಬಂದರೆ ಮುಚ್ಚಿಟ್ಟ ಕಡತ ಮೇಜಿಗೆ ಬರುವುದುಂಟು.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂದೆ ಸರಿಯುವವರು ಬಹಳ. ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿ ಇಲ್ಲ. ಗಂಡನ ಸಂಬಳ ಎಷ್ಟಿದ್ದರೂ, ತವರಿನಲ್ಲಿ ಎಷ್ಟು ಆಸ್ತಿಯಿದ್ದರೂ ಉಚಿತ ವಕೀಲರನ್ನು ಪಡೆಯಬಹುದು. 15100ಕ್ಕೆ ಫೋನು ಮಾಡಿದರೆ ವಿಚಾರಿಸಿ ಹೇಳುತ್ತಾರೆ. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ಅದೇ ನ್ಯಾಯದೇಗುಲದಲ್ಲಿದೆ.